ಗಿರಣಿಯ ಸದ್ದು ಕಿವಿಯಲ್ಲಿಟ್ಟುಕೊಂಡು

ನನ್ನ ಬಾಯಿ ದೊಡ್ಡದು ಅನ್ನುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಕುಂದಗೋಳ ತಾಲೂಕಿನ ನಮ್ಮೂರಿನಲ್ಲಿ ಇರುವುದು ಒಂದೇ ಹಿಟ್ಟಿನ ಗಿರಣಿ, ಅದನ್ನು ಇಪ್ಪತ್ತು ವರ್ಷಗಳಿಂದ ನಡೆಸುತ್ತಿರುವವಳು ನಾನು. ಮೋಟರು ಶುರುವಾದರೆ ಮಗ್ಗುಲಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಆ ಸದ್ದನ್ನು ಮೀರಿಸಿಯೇ ನಾನು ದಿನವಿಡೀ ಮಾತಾಡಬೇಕು. ಈ ಜೋಳ ಯಾರದು, ಗೋಧಿ ಸಣ್ಣಗೆ ಬೀಸಬೇಕೋ ದಪ್ಪಗೋ, ಸರದಿ ಬಿಟ್ಟು ಮುಂದೆ ಬಂದು ಕೂತ ಡಬ್ಬಿ ಯಾರದು. ಸರದಿ ತಪ್ಪಿಸಿದವರು ಗೌಡರ ಮನೆಯವರಾದರೂ ನಾನು ಬಿಡುವವಳಲ್ಲ. ಊರಿನವರು ನನ್ನನ್ನು ಕರೆಯುವುದೇ ಗಿರಣಿ ಅಕ್ಕ ಎಂದು. ಹೊಸದಾಗಿ ಬಂದ ಸೊಸೆಯರಿಗೆ ಅತ್ತೆಯರು ಮೊದಲು ಹೇಳಿಕೊಡುವ ಬುದ್ಧಿಮಾತೇ ಗಿರಣಿ ಅಕ್ಕನ ಜೊತೆ ವಾದಕ್ಕೆ ಇಳಿಯಬೇಡ ಎನ್ನುವುದು.

ಊರಿಗೆ ಗೊತ್ತಿರದ ಸಂಗತಿ ಬೇರೆಯೇ ಇತ್ತು. ಮೋಟರು ನಿಂತು, ನಾಲ್ಕು ಜನ ಸುಮ್ಮನೆ ಕೂತು ನನ್ನ ಕಡೆ ನೋಡಿದರೆ ಸಾಕು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೊಣಕಾಲು ನನ್ನವಲ್ಲ ಅನ್ನಿಸುತ್ತಿತ್ತು.

ಇದು ಮೊದಲು ಗೊತ್ತಾದದ್ದು ನನ್ನ ಮದುವೆಯಲ್ಲಿ. ನಮ್ಮ ಕಡೆ ಹೊಸ ಮದುಮಗಳು ಒಡಪು ಹೇಳಬೇಕು. ಪ್ರಾಸ ಕೂಡಿಸಿದ ಎರಡು ಸಾಲು ಹೇಳಿ, ಕೊನೆಗೆ ಗಂಡನ ಹೆಸರನ್ನು ಎಲ್ಲರಿಗೂ ಕೇಳುವಂತೆ ಅನ್ನಬೇಕು. ಅಲ್ಲಿಯವರೆಗೆ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಒಳಗೆ ಬಿಡುವುದಿಲ್ಲ. ನನಗೆ ಹದಿನೈದು ಒಡಪು ಬಾಯಿಪಾಠ ಇದ್ದವು, ಅವ್ವ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದ್ದಳು. ಹೊಸ್ತಿಲ ಮುಂದೆ ನಿಂತೆ. ಅಂಗಳದ ತುಂಬ ಜನ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಒಂದೂ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ, ಕೊನೆಗೆ ಮಾವನವರೇ "ಕೂಸು ದಣದೈತಿ, ಒಳಗ ಬಿಡ್ರಿ" ಎಂದರು. ನಾದಿನಿಯರು ನಕ್ಕು ದಾರಿ ಬಿಟ್ಟರು. ಆ ನಗು ನನಗೆ ಇಂದಿಗೂ ಕೇಳಿಸುತ್ತದೆ.

ಆಮೇಲಿನ ವರ್ಷಗಳಲ್ಲಿ ಯಾರ ಮನೆಯ ಬಸುರಿಯ ಕುಬಸವಿರಲಿ, ಕೂಸಿನ ತೊಟ್ಟಿಲಿರಲಿ, ಒಡಪಿನ ಹೊತ್ತಿಗೆ ನಾನು ಅಡುಗೆಮನೆ ಸೇರುತ್ತಿದ್ದೆ. ನನ್ನ ಯಜಮಾನರು ಲಾರಿ ಓಡಿಸುತ್ತಾರೆ, ವಾರದಲ್ಲಿ ಎರಡು ಮೂರು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿದ್ದಾಗ ಚಹಾ ಕುಡಿಯುತ್ತ ಕಾಡುತ್ತಿದ್ದರು: "ಊರ ಮಂದಿಗೆಲ್ಲಾ ಬೈತಿ, ನನ್ನ ಹೆಸರ ಹೇಳಾಕ ಅಷ್ಟ ನಿನಗ ಬಾಯಿಲ್ಲ ನೋಡು." ನಾನು ಹಿಟ್ಟಿನ ಕೈ ತೋರಿಸಿ ಹೆದರಿಸುತ್ತಿದ್ದೆ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಒಡಪು ಹೇಳದಿದ್ದರೆ ಯಾರ ಗಂಟೇನೂ ಹೋಗುವುದಿಲ್ಲ. ಬಸ್ಸಿನ ವಿಷಯ ಹಾಗಲ್ಲ.

ನಮಗೆ ಇರುವವಳು ಒಬ್ಬಳೇ ಮಗಳು. ಹತ್ತನೆಯದನ್ನು ಒಳ್ಳೆಯ ಅಂಕ ತೆಗೆದು ಮುಗಿಸಿದಳು, ತಾಲೂಕಿನ ಕಾಲೇಜಿಗೆ ಹೆಸರು ಹಚ್ಚಿದೆವು. ಕಾಲೇಜು ಶುರುವಾಗುವುದು ಒಂಬತ್ತೂವರೆಗೆ, ನಮ್ಮೂರಿಗೆ ಮೊದಲ ಬಸ್ಸು ಬರುವುದು ಹನ್ನೊಂದಕ್ಕೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ, ಸಂತೋಷ. ಹೊತ್ತಿಗೆ ಬಾರದ ಬಸ್ಸು ಪುಕ್ಕಟೆಯಾದರೇನು, ಆಗದಿದ್ದರೇನು. ಹುಡುಗಿಯರೆಲ್ಲ ಟಂಟಂ ಹತ್ತಿ ಹೋಗುತ್ತಿದ್ದರು. ಮೂರು ಗಾಲಿಯ ಆ ಗಾಡಿಯಲ್ಲಿ ಎಂಟು ಜನ ಕೂರುವ ಕಡೆ ಹದಿನಾರು ಜನ, ಡ್ರೈವರನ ಎರಡೂ ಬಾಜೂ ಒಬ್ಬೊಬ್ಬರು. ಮಳೆಗಾಲದಲ್ಲಿ ಒಂದು ದಿನ ಹಳ್ಳದ ಹತ್ತಿರ ಎರೆಮಣ್ಣಿನಲ್ಲಿ ಜಾರಿ ಅದು ಮಗ್ಗುಲಿಗೆ ಬಿತ್ತು. ದೇವರು ದೊಡ್ಡವನು, ಯಾರಿಗೂ ಹೆಚ್ಚೇನೂ ಆಗಲಿಲ್ಲ. ನನ್ನ ಮಗಳು ಮೊಣಕೈ ತರಚಿಕೊಂಡು, ಮೈತುಂಬ ಕೆಸರಾಗಿ ಮನೆಗೆ ಬಂದಳು.

ಆ ವಾರವೇ ಊರಿನ ಅಪ್ಪಂದಿರೆಲ್ಲ ಒಂದೇ ಮಾತಿಗೆ ಬಂದರು, ನನ್ನ ಯಜಮಾನರೂ ಅವರಲ್ಲೊಬ್ಬರು. "ನಾ ದಿನಾ ರಸ್ತೇದಾಗ ಇರಾಂವ. ಟಂಟಂ ಹೆಂಗ ಬೀಳತಾವ ಅನ್ನೂದು ನನಗ ಗೊತ್ತೈತಿ. ಬಸ್ಸು ಬರೂತನಾ ಅಕಿ ಮನ್ಯಾಗ ಇರ್ಲಿ," ಎಂದರು. ಮಗಳು ವಾದ ಮಾಡಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿದಳು. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಓದು ಏಳನೆಯ ಇಯತ್ತೆಗೆ ನಿಂತದ್ದೂ ಹೀಗೇ, ದಾರಿಯ ಕಾರಣಕ್ಕೇ. ಆ ಚೀಲವನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಕಾಲೇಜಿನಿಂದ ಫೋನೂ ಬಂತು: ಇನ್ನೊಂದು ತಿಂಗಳು ಬಾರದಿದ್ದರೆ ಹಾಜರಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸಲಾಗುವುದಿಲ್ಲ.

ಬೆಳಗಿನ ಬಸ್ಸಿಗಾಗಿ ಮೂರು ಸಲ ಅರ್ಜಿ ಕೊಟ್ಟಾಗಿತ್ತು. ಶ್ರಾವಣದಲ್ಲಿ ಗ್ರಾಮಸಭೆ ಕೂಡಿತು, ಬಸ್ಸಿನ ಡಿಪೋದಿಂದ ಒಬ್ಬ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಊರಿನ ಗಂಡಸರಿಗೆ ಬೈಕಿವೆ, ಅವರಿಗೆ ಗಟಾರದ ಚಿಂತೆ, ಹೊಲದ ದಾರಿಯ ಚಿಂತೆ. ಬಸ್ಸಿನ ಮಾತು ಹೆಂಗಸರೇ ಎತ್ತಬೇಕು ಎಂದಾಯಿತು. ಯಾರು ಎತ್ತಬೇಕು? ನಮ್ಮ ಮಹಿಳಾ ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ, ಎಲ್ಲರೂ ನನ್ನ ಕಡೆ ಕೈ ಮಾಡಿದರು. "ಅಕ್ಕಾರ, ನಿಮ್ಮಷ್ಟ ಬಾಯಿ ಯಾರಿಗೈತ್ರಿ?"

ಇಲ್ಲ ಅನ್ನಲು ನಾಚಿಕೆಯಾಯಿತು. ಹೋದೆ. ಸಮುದಾಯ ಭವನದಲ್ಲಿ ಮೈಕು ಕೈಗೆ ಕೊಟ್ಟರು. ಮುನ್ನೂರು ಕಣ್ಣು ನನ್ನ ಮೇಲೆ. ಫ್ಯಾನೊಂದು ಕಿರ್ ಕಿರ್ ಅನ್ನುತ್ತಿತ್ತು, ಬೇರೆ ಸದ್ದಿಲ್ಲ. ನನ್ನ ಉಸಿರೇ ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು, ನನಗೆ ನಾನೇ ಹೆದರಿಕೊಂಡೆ. "ಬಸ್ಸು..." ಎಂದೆ. ಮುಂದಿನ ಮಾತು ಬರಲಿಲ್ಲ. ಮತ್ತೊಮ್ಮೆ "ಬಸ್ಸು" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾಹೇಬರು ಕೆಟ್ಟವರೇನಲ್ಲ, ಸ್ವಲ್ಪ ಹೊತ್ತು ಕಾದರು. ಆಮೇಲೆ "ಆ ರೂಟಿನ್ಯಾಗ ಪ್ರಯಾಣಿಕರು ಇಲ್ಲಂತ ನಮ್ಮ ರಿಪೋರ್ಟ್ ಐತ್ರಿ. ಮೂರು ವಾರಕ್ಕ ಮತ್ತ ಬರತೇನಿ, ಆವಾಗ ನೋಡೂಣು" ಎಂದು ಕಾಗದ ಮಡಚಿದರು. ನಾನು ಮೈಕನ್ನು ಪಕ್ಕದವರ ಕೈಗಿಟ್ಟು, ಹೊರಗೆ ಬಂದು, ನೇರ ಗಿರಣಿಗೆ ಹೋಗಿ, ಬೀಸುವ ಕಾಳು ಏನೂ ಇಲ್ಲದಿದ್ದರೂ ಮೋಟರು ಹಾಕಿಕೊಂಡು ಕೂತು ಅತ್ತೆ. ಆ ಸದ್ದಿನಲ್ಲಿ ಅತ್ತದ್ದು ಯಾರಿಗೂ ಕೇಳಿಸುವುದಿಲ್ಲವಲ್ಲ.

ಮಗಳಿಗೆ ಮಾತ್ರ ಗೊತ್ತಾಯಿತು. ಮರುದಿನ ನನ್ನ ಮೊಬೈಲು ತೆಗೆದುಕೊಂಡು ಬಂದು ಪಕ್ಕದಲ್ಲಿ ಕೂತಳು. "ಯವ್ವಾ, ಇದು ನಿನಗೊಬ್ಬಾಕಿಗೆ ಇರೂದಲ್ಲಬೇ. ಭಾಳ ಮಂದಿಗೆ ಇರತೈತಿ. ಇದಕ್ಕೂ ಆ್ಯಪ್ ಬಂದಾವು."

"ಅಂಜಿಕೀಗೆ ಆ್ಯಪೇನ?"

"ಹೂನಬೇ. ಉಸರ ಹೆಂಗ ತಗೋಬೇಕು ಹೇಳಿಕೊಡತೈತಿ. ಮೊದಲ ಮಾಡಿ ನೋಡು."

ಆ ಆ್ಯಪಿನಲ್ಲಿ ಒಂದು ನೀಲಿ ಬಣ್ಣದ ಗುಂಡು. ಅದು ದೊಡ್ಡದಾದಾಗ ಉಸಿರು ಒಳಗೆಳೆದುಕೊಳ್ಳಬೇಕು, ಸಣ್ಣದಾದಾಗ ಬಿಡಬೇಕು. ಜೊತೆಗೆ ಒಬ್ಬ ಹೆಂಗಸು ಬಲು ಮೆತ್ತಗೆ, ನಿದ್ದೆಗಣ್ಣಿನಲ್ಲಿ ಇದ್ದವಳಂತೆ, ಆಳವಾಗಿ ಉಸಿರು ತೆಗೆದುಕೊಳ್ಳಿ ಎಂದು ಹೇಳುತ್ತಾಳೆ. ನನಗೆ ಮನೆಯಲ್ಲಿ ಕೂತು ಗುಂಡು ನೋಡುವಷ್ಟು ಪುರುಸೊತ್ತು ಎಲ್ಲಿಯದು? ಗಿರಣಿಯಲ್ಲೇ ಮಾಡಿದೆ. ಅಂದು ಮಂಗಳವಾರ. ಮಂಗಳವಾರ ನಮ್ಮಲ್ಲಿ ಖಾರ ಕುಟ್ಟುವ ದಿನ, ಹಿಟ್ಟಿನ ಕಲ್ಲು ಬಿಟ್ಟು ಒಣಮೆಣಸಿನಕಾಯಿಯ ಮಷಿನ್ನು ನಡೆಯುತ್ತದೆ. ಆ ದಿನ ಮೂಗಿಗೆ ಸೆರಗು ಕಟ್ಟಿಕೊಂಡೇ ಇರಬೇಕು ಅನ್ನುವುದು ನನಗೆ ಗೊತ್ತಿಲ್ಲದ್ದೇ? ಆದರೆ ಆ ಹೆಂಗಸು ಆಳವಾಗಿ ಅಂದಳು, ನಾನು ಬುದ್ಧಿ ಬಿಟ್ಟು ಸೆರಗು ಸರಿಸಿ, ಗುಂಡು ಎಷ್ಟು ದೊಡ್ಡದಾಯಿತೋ ಅಷ್ಟೂ ಎಳೆದುಕೊಂಡೆ.

ಅರ್ಧ ಗಂಟೆ ಸೀನಿದೆ. ಕಣ್ಣು ಮೂಗು ಎಲ್ಲ ಸುರಿಯಿತು. ಸರದಿಯಲ್ಲಿ ನಿಂತ ಹೆಂಗಸರು ಮೊದಲು ಗಾಬರಿಯಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಬೈಲಿನಲ್ಲಿ ಅವಳು ಇನ್ನೂ ಹೇಳುತ್ತಲೇ ಇದ್ದಳು, ಈಗ ನಿಮಗೆ ಶಾಂತವೆನಿಸುತ್ತಿದೆ ಎಂದು. ಪುಣ್ಯಾತಗಿತ್ತಿ ಒಂದು ದಿನವೂ ಖಾರದ ಗಿರಣಿ ಕಂಡವಳಲ್ಲ. ನಾನು ಆ ಆ್ಯಪನ್ನು ಅವತ್ತೇ ತೆಗೆಸಿದೆ.

ಮಗಳು ಸೋಲಲಿಲ್ಲ. ಅವಳಿಗೆ ನನ್ನದೇ ಹಟ ಬಂದಿದೆ. ಎರಡನೆಯ ಉಪಾಯವಾಗಿ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ, ವಿಡಿಯೋ ತೆಗೆದಳು. ನೋಡಿದರೆ ಪರದೆಯ ಮೇಲೆ ನಾನು ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಮನೆಯಲ್ಲಿ ಅವಳೊಬ್ಬಳೇ ಇದ್ದಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಆದರೂ ಆ ಮೊಬೈಲಿನ ಕಣ್ಣು ನನ್ನನ್ನು ನೋಡುತ್ತಿದೆ ಅನ್ನುವುದಕ್ಕೇ ಮಾತು ನಿಂತಿತು. "ಬ್ಯಾಡ ಬಿಡಲೇ, ನನ್ನ ಹಣೇಬಾರದಾಗ ಇಲ್ಲ," ಎಂದೆ. ಅವಳು ಮೊಬೈಲು ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಬಿಟ್ಟು, ನಾನು ರೊಟ್ಟಿ ಬಡಿಯುತ್ತಿದ್ದಾಗ ಮೊಬೈಲು ತಂದು ಕಿವಿಯ ಹತ್ತಿರ ಹಿಡಿದಳು. ಗಿರಣಿಯ ಸದ್ದು. ಅದರ ನಡುವೆ ಒಬ್ಬ ಹೆಂಗಸು ಜೋರಾಗಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ. ಪ್ರಯಾಣಿಕರು ಇಲ್ಲ ಅನ್ನಾಕ ನೀವೇನ ಊರೊಳಗ ಬಂದು ನೋಡೀರೇನು? ಹನ್ನೊಂದಕ್ಕ ಬರೂ ಬಸ್ಸಿನ್ಯಾಗ ಯಾರ ಕಾಲೇಜಿಗೆ ಹೋಗ್ತಾರ? ಕೆರಿ ಓಣ್ಯಾಗ ಎಷ್ಟ ಹುಡುಗ್ಯಾರ ಅದಾರ, ಗುಡಿ ಓಣ್ಯಾಗ ಎಷ್ಟ, ನನ್ನ ಕೇಳ್ರಿ. ಮಾತಿಗೆ ಮಾತು ಜೋಡಿಸಿದ ಹಾಗೆ, ಎಲ್ಲೂ ತಡೆಯಿಲ್ಲ.

"ಯಾರಬೇ ಇದು?" ಎಂದಳು ಮಗಳು.

ನಾನೇ. ಹಿಂದಿನ ದಿನ ಪಂಚಾಯಿತಿ ಸದಸ್ಯರೊಬ್ಬರು ಗೋಧಿ ತಂದಾಗ ಅವರನ್ನು ಹಿಡಿದು ನಿಲ್ಲಿಸಿ ನಾನು ಅಂದ ಮಾತು. ಇವಳು ಬಾಗಿಲ ಸಂದಿಯಲ್ಲಿ ನಿಂತು ರೆಕಾರ್ಡ್ ಮಾಡಿದ್ದಳು.

"ಭಾಷಣ ಬರೀಬೇಕಾಗೇ ಇಲ್ಲ, ನಿನ್ನ ಬಾಯಾಗ ಐತಿ. ನಿನಗ ಬೇಕಾದ್ದು ಗಿರಣಿ ಸಪ್ಪಳ ಅಷ್ಟ."

ಅವಳು ಹೇಳಿದ ಮೇಲೆ ನನಗೂ ಹೊಳೆಯಿತು. ಮೋಟರು ನಡೆಯುವಾಗ ನನ್ನ ದನಿ ನನಗೆ ಕೇಳಿಸುವುದಿಲ್ಲ, ಜನ ಪೂರಾ ಕೇಳುತ್ತಾರೆ ಎಂಬ ಖಾತ್ರಿಯೂ ಇಲ್ಲ. ಹಾಗಾಗಿ ಅಂಜಿಕೆಯೂ ಇಲ್ಲ. ಇಷ್ಟು ವರ್ಷ ನಾನು ಧೈರ್ಯ ಎಂದು ತಿಳಿದದ್ದು ಆ ಸದ್ದಿನ ಮರೆ. ಅದನ್ನು ತಿಳಿದು ಒಂದು ಕ್ಷಣ ಬೇಜಾರಾಯಿತು. ಮಗಳಿಗೆ ಬೇಜಾರಾಗಿರಲಿಲ್ಲ, ಅವಳು ಆಗಲೇ ಗಿರಣಿಯ ಒಳಗೆ ಹೋಗಿ ಮೋಟರಿನ ಸದ್ದನ್ನು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಇಯರ್‌ಫೋನಿನ ಒಂದೇ ಕಿವಿ ಸೆರಗಿನ ಒಳಗಿಂದ ತಂದು ನನ್ನ ಎಡಗಿವಿಗೆ ಸಿಕ್ಕಿಸಿದಳು, ತಲೆಯ ಮೇಲೆ ಸೆರಗು ಹೊದಿಸಿದಳು. ಹೊರಗಿನಿಂದ ಏನೂ ಕಾಣುವುದಿಲ್ಲ.

"ಇದು ಮೋಸ ಅಲ್ಲೇನ?" ಎಂದೆ.

"ಚಷ್ಮಾ ಹಾಕ್ಕೊಂಡು ಓದಿದ್ರ ಮೋಸ ಅಂತಾರೇನಬೇ?" ಎಂದಳು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಸಂಘದ ಹೆಂಗಸರು ಸೇರುವುದು ಅಂಗನವಾಡಿಯ ಖೋಲಿಯಲ್ಲಿ. ಮೊದಲ ಪರೀಕ್ಷೆ ಅಲ್ಲೇ ಆಯಿತು. ಮಗಳು ಸದ್ದು ಹಾಕಿದಳು. ಕಿವಿಯಲ್ಲಿ ನನ್ನ ಮೋಟರು ಗರಗರ ಅಂದದ್ದೇ ತಡ, ಮಾತು ಶುರುವಾಯಿತು. ನಿಲ್ಲದೆ ಮಾತಾಡಿದೆ. ಮುಗಿಸಿ ನೋಡಿದರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡು ಕೂತಿದ್ದಾರೆ. ಹಿಂದಿನ ಗೋಡೆಯ ಆಚೆಯ ಗುಡಿಯಿಂದ ಪೂಜಾರಿಗಳು ಓಡಿಬಂದು ಬಾಗಿಲಲ್ಲಿ ನಿಂತಿದ್ದರು. "ಏನಾತ್ರೆವ್ವಾ? ಯಾರಿಗೆ ಏನಾತ್ರಿ?" ಮೋಟರಿನ ಸದ್ದಿಗೆ ತಕ್ಕ ದನಿ ತಾನಾಗಿ ಬಂದಿತ್ತು, ಮೋಟರು ಮಾತ್ರ ನನ್ನ ಕಿವಿಯಲ್ಲಷ್ಟೇ ಇತ್ತು.

ಮಗಳು ಇದಕ್ಕೂ ಲೆಕ್ಕ ಹಾಕಿದ್ದಳು. ದಿನಕ್ಕೆ ಒಂದೊಂದು ಕಡ್ಡಿ ಸದ್ದು ಇಳಿಸುತ್ತ ಬಂದಳು. ಮೊಬೈಲಿನ ಬದಿಯ ಗುಂಡಿ ಒತ್ತಿದರೆ ಪರದೆಯ ಮೇಲೆ ಕಡ್ಡಿಗಳು ಕಡಿಮೆಯಾಗುತ್ತವೆ, ಅಷ್ಟೇ ವಿದ್ಯೆ. ಒಂದು ದಿನ ಮೋಟರು ಪಕ್ಕದಲ್ಲಿದ್ದ ಹಾಗೆ, ಇನ್ನೊಂದು ದಿನ ಪಕ್ಕದ ಮನೆಯಲ್ಲಿದ್ದ ಹಾಗೆ, ಆಮೇಲೆ ಓಣಿಯ ಕೊನೆಗೆ. ನಾಲ್ಕನೆಯ ದಿನ ನನ್ನ ದನಿ ನನಗೆ ಸ್ವಲ್ಪ ಸ್ವಲ್ಪ ಕೇಳಿಸತೊಡಗಿತು, ಅವತ್ತು ಮತ್ತೆ ಮೊಣಕಾಲು ನಡುಗಿದವು. "ಒಂದ ಕಡ್ಡಿ ಏರಸ್ಲೇ," ಎಂದೆ. "ಏರಸೂದಿಲ್ಲ," ಎಂದಳು. ಬೈದೆ. ಬೈಸಿಕೊಂಡಳು, ಏರಿಸಲಿಲ್ಲ. ನಾನೇ ಮೊದಲಿನಿಂದ ಶುರುಮಾಡಿದೆ. ಪ್ರತಿ ಸಲ ಅವಳು ಆ ಮಾತುಗಳನ್ನು ರೆಕಾರ್ಡ್ ಮಾಡಿ ಸಂಜೆ ನನಗೇ ಕೇಳಿಸುತ್ತಿದ್ದಳು. ಮೊದಮೊದಲು ಅಸಹ್ಯವಾಗುತ್ತಿತ್ತು. ಕೇಳುತ್ತ ಕೇಳುತ್ತ ಒಂದು ದಿನ, ಈ ಹೆಂಗಸು ಖರೇ ಹೇಳುತ್ತಾಳಲ್ಲ ಅನ್ನಿಸಿತು.

ಎರಡನೆಯ ಸಭೆಯ ಹೊತ್ತಿಗೆ ಸದ್ದು ಒಂದೇ ಕಡ್ಡಿಗೆ ಬಂದಿತ್ತು. ಅದನ್ನೂ ತೆಗೆಯುವ ಧೈರ್ಯ ನನಗಿರಲಿಲ್ಲ. ಯಜಮಾನರು ಅವತ್ತು ಲಾರಿ ತೆಗೆದುಕೊಂಡು ಹೋಗಿದ್ದರು. ಹೊರಡುವಾಗ "ನೀ ಮಾತಾಡಿದ್ರ ಬಸ್ಸು ಬರತೈತೇನ?" ಎಂದು ಹಗುರವಾಗಿ ಅಂದಿದ್ದರು. ನನಗೆ ಮುಳ್ಳು ಚುಚ್ಚಿದ ಹಾಗಾಗಿತ್ತು. ಕಾಲೇಜು ಹೇಳಿದ ತಿಂಗಳಿನಲ್ಲಿ ಒಂದು ವಾರ ಉಳಿದಿತ್ತು. ಇವತ್ತು ಆಗದಿದ್ದರೆ ಮಗಳ ಚೀಲ ಗೂಟದಲ್ಲೇ ಉಳಿಯುತ್ತದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅದೇ ಸಮುದಾಯ ಭವನ, ಅದೇ ಫ್ಯಾನು. ಗಿರಣಿಗೆ ಬೀಗ ಹಾಕಿ ಬಂದಿದ್ದೆ, ಮೊಬೈಲು ನನ್ನ ಸೊಂಟದಲ್ಲಿತ್ತು. ಮೈಕು ಕೈಗೆ ಬಂದಾಗ ಹಿಂದಿನ ಸಾಲಿನಲ್ಲಿ ಹೋದ ಸಲದ ನಗು ಮತ್ತೆ ಶುರುವಾಯಿತು. ಮಗಳು ಮೂರನೆಯ ಸಾಲಿನಲ್ಲಿ ಕೂತು ಹೂಂ ಎಂದು ತಲೆ ಆಡಿಸಿದಳು. ಕಿವಿಯಲ್ಲಿ ದೂರದ ಮೋಟರು ಗರಗರ ಅಂದಿತು. "ನಮಸ್ಕಾರ್ರಿ ಸಾಹೇಬರ. ನಾ ಗಿರಣಿಯಾಕಿ," ಎಂದೆ. ದನಿ ಬಂತು. ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು.

"ಈ ಊರಾಗ ಯಾರ ಮನ್ಯಾಗ ಎಷ್ಟ ಮಂದಿ ಉಣ್ತಾರ ಅನ್ನೂದು ಪಂಚಾಯ್ತಿಗೆ ಗೊತ್ತಿಲ್ಲದಿರಬಹುದು, ನನಗ ಗೊತ್ತೈತ್ರಿ. ಅವರ ಹಿಟ್ಟು ಬೀಸಾಕಿ ನಾನು. ಕಾಲೇಜಿಗೆ ಹೆಸರ ಹಚ್ಚಿ ಮನ್ಯಾಗ ಕುಂತ ಹುಡುಗ್ಯಾರ ಹದಿನಾಕ ಮಂದಿ ಅದಾರು. ಕೆರಿ ಓಣ್ಯಾಗ ಐದು, ಗುಡಿ ಓಣ್ಯಾಗ..."

ಅಷ್ಟರಲ್ಲಿ ಕಿವಿಯಲ್ಲಿ ಮೋಟರು ನಿಂತಿತು. ಅದರ ಬದಲು ಫೋನಿನ ಗಂಟೆ ಬಡಿಯತೊಡಗಿತು. ಮಗಳು ಎಲ್ಲವನ್ನೂ ನೆನಪಿಟ್ಟಿದ್ದಳು, ಫೋನು ಬಾರದ ಹಾಗೆ ಮಾಡುವುದೊಂದನ್ನು ಮರೆತಿದ್ದಳು. ಗಿರಣಿಯಲ್ಲಿ ಕೈ ತುಂಬ ಹಿಟ್ಟಿರುತ್ತದೆಂದು ನಾನು ಕೆಲವು ದಿನಗಳಿಂದ ಇಯರ್‌ಫೋನಿನ ಗುಂಡಿಯನ್ನೇ ಒತ್ತಿ ಫೋನು ತೆಗೆದುಕೊಳ್ಳುವುದು ರೂಢಿ ಮಾಡಿಕೊಂಡಿದ್ದೆ. ಗಂಟೆ ಬಡಿಯಿತು, ಕೈ ತಾನಾಗಿ ಸೆರಗಿನೊಳಗೆ ಹೋಗಿ ಒತ್ತಿತು. ಆಚೆಯಿಂದ ಯಜಮಾನರ ದನಿ: "ಹಲೋ? ಗಿರಣಿ ಬಂದ್ ಐತೇನ? ಸಪ್ಪಳಿಲ್ಲಲಾ?"

ದಿನವೂ ಆ ಹೊತ್ತಿಗೆ ಎಲ್ಲೋ ಒಂದು ಢಾಬಾದಲ್ಲಿ ನಿಂತು ಫೋನು ಮಾಡುವುದು ಅವರ ರೂಢಿ, ಸಭೆ ಇದ್ದದ್ದು ಮರೆತಿದ್ದರು. ಮೋಟರಿನ ಸದ್ದಿನ ನಡುವೆ ನಾನು ಕೂಗಿ ಉತ್ತರ ಕೊಡುವುದು ನನ್ನ ರೂಢಿ. ಮೈಕು ಬಾಯಿಯ ಮುಂದೆಯೇ ಇದೆ ಅನ್ನುವುದು ಮರೆತುಹೋಯಿತು.

"ಬಂದ್ ಐತ್ರಿ! ನಾ ಸಭಾದಾಗ ಮಾತಾಡಾಕತ್ತೇನಿ. ಮುಗಿದ ಮ್ಯಾಲೆ ಮಾಡ್ರಿ, ಈಗ ಇಡ್ರಿ!"

ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಅದು ಮೊಳಗಿತು. ಆಮೇಲೆ ಇಡೀ ಭವನ ಗೊಳ್ಳೆಂದಿತು. ಸಾಹೇಬರು ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು, ಹೆಂಗಸರು ಚಪ್ಪಾಳೆ ತಟ್ಟಿದರು. ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ನಗು ನಿಧಾನಕ್ಕೆ ನಿಂತಿತು. ಕಿವಿಯಲ್ಲಿ ಮೋಟರು ಮತ್ತೆ ಬರಲಿಲ್ಲ. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ನಾನು ಮೊಣಕಾಲು ನಡುಗುವುದನ್ನು ಕಾದೆ. ನಡುಗಲಿಲ್ಲ. ಈಗಷ್ಟೇ ಮುನ್ನೂರು ಕಣ್ಣಿನ ಮುಂದೆ, ಮೈಕಿನಲ್ಲಿ, ಗಂಡನಿಗೆ ಫೋನು ಇಡ್ರಿ ಅಂದವಳು ನಾನು. ಇನ್ನು ಅಂಜುವುದಕ್ಕೆ ಏನು ಉಳಿದಿದೆ? ಇಯರ್‌ಫೋನು ಕಿವಿಯಿಂದ ಎಳೆದೆ, ಎಲ್ಲರೂ ನೋಡುವ ಹಾಗೆಯೇ ಸೊಂಟಕ್ಕೆ ಸಿಕ್ಕಿಸಿದೆ.

"ಗುಡಿ ಓಣ್ಯಾಗ ನಾಕು, ಅಗಸಿ ಕಡೆ ಐದು," ಎಂದೆ. ನನ್ನ ದನಿ ಸ್ಪೀಕರಿನಿಂದ ನನಗೆ ಪೂರಾ ಕೇಳಿಸಿತು. ಕೆಟ್ಟದಾಗಿರಲಿಲ್ಲ. "ಪ್ರಯಾಣಿಕರು ಇಲ್ಲ ಅಂತ ನಿಮ್ಮ ಕಾಗದ ಹೇಳತೈತಿ. ಇರ್ಲಿ ಬಿಡ್ರಿ, ಕಾಗದಕ್ಕ ಕಣ್ಣಿಲ್ಲ. ನಿಮಗ ಅದಾವಲ್ಲ, ನೋಡ್ರಿ. ಏಳ್ರೆವ್ವಾ ಹುಡುಗ್ಯಾರ, ಎದ್ದು ನಿಂದರ್ರಿ."

ಯಾರೂ ಏಳಲಿಲ್ಲ. ಆಮೇಲೆ ನನ್ನ ಮಗಳು ಎದ್ದಳು. ಅವಳ ಪಕ್ಕದ ಎರಡು ಹುಡುಗಿಯರು ಎದ್ದರು. ಗುಡಿ ಓಣಿಯ ಒಬ್ಬ ತಾಯಿ ಮಗಳ ಕೈ ಹಿಡಿದು ಕೂರಿಸಲು ನೋಡಿದಳು, ಮಗಳು ಕೂರಲಿಲ್ಲ, ಕೊನೆಗೆ ತಾಯಿಯೂ ಅವಳ ಜೊತೆ ಎದ್ದು ನಿಂತಳು. ಒಬ್ಬೊಬ್ಬರಾಗಿ ಎದ್ದರು. ಸಾಹೇಬರು ಹುಡುಗಿಯರನ್ನಷ್ಟೇ ಪೆನ್ನಿನ ತುದಿಯಿಂದ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಹದಿನಾರು ಅದಾರಲ್ರಿ ಅಕ್ಕಾರ. ನೀವು ಹದಿನಾಕ ಅಂದ್ರಿ."

"ಇನ್ನಿಬ್ಬರು ಮುಂದಿನ ವರ್ಷಕ್ಕ ಬರಾವರ್ರಿ. ಈಗ ಹತ್ತನೇದಾಗ ಅದಾವು," ಎಂದೆ. "ಅವನ್ನೂ ಸೇರಿಸಿ ಬರಕೋರ್ರಿ."

ಅವರು ಬರೆದುಕೊಂಡರು. ಒಂದು ತಿಂಗಳು ಓಡಿಸಿ ನೋಡುತ್ತೇವೆ, ಸೋಮವಾರದಿಂದ ಎಂಟೂವರೆಗೆ ಬಸ್ಸು ಬರುತ್ತದೆ ಎಂದು ಎಲ್ಲರ ಮುಂದೆ ಹೇಳಿದರು. ನಾನು ಮೈಕು ಕೆಳಗಿಟ್ಟು ಬಂದು ಕೂತೆ. ಮಗಳು ನನ್ನ ಕೈ ಹಿಡಿದುಕೊಂಡಳು. ಇಷ್ಟು ವರ್ಷ ಯಾವುದಕ್ಕೂ ನನಗೆ ಅಷ್ಟು ಹೆಮ್ಮೆಯಾದದ್ದಿಲ್ಲ, ಸುಳ್ಳೇಕೆ ಹೇಳಲಿ.

ಸೋಮವಾರ ಎಂಟು ಗಂಟೆಗೇ ಅರ್ಧ ಊರು ಊರಬಾಗಿಲಿನ ಅಗಸಿಯ ಮುಂದೆ ಸೇರಿತ್ತು. ಬರುತ್ತದೋ ಇಲ್ಲವೋ ಎಂದು ಪಂದ್ಯ ಕಟ್ಟಿದವರೂ ಇದ್ದರು. ಯಜಮಾನರು ಹಿಂದಿನ ದಿನ ಬಂದಿದ್ದರು, ಅವರೂ ಒಂದು ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿದ್ದರು. ಎಂಟೂವರೆಗೆ ಐದು ನಿಮಿಷ ಇರುವಾಗ ಹಳ್ಳದ ಆಚೆ ಧೂಳು ಎದ್ದಿತು. ಬಸ್ಸು ಬಂತು. ಸಂಘದ ಹೆಂಗಸರು ಅದರ ಮೋರೆಗೆ ಚೆಂಡುಹೂವಿನ ಮಾಲೆ ಹಾಕಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಆರತಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಹುಡುಗಿಯರು ಆಗಲೇ ಹತ್ತಿ ಕೂತಿದ್ದರು. ನನ್ನ ಮಗಳು ಕಿಟಕಿಯಲ್ಲಿ, ಆ ಚೀಲ ಅವಳ ತೊಡೆಯ ಮೇಲೆ.

ಆರತಿ ಎತ್ತಿದೆನೋ ಇಲ್ಲವೋ, ನನ್ನ ದೊಡ್ಡ ನಾದಿನಿ ಮುಂದೆ ಬಂದು ಬಸ್ಸಿನ ಬಾಗಿಲಿಗೆ ಅಡ್ಡ ಕೈಯಿಟ್ಟಳು. ಇಪ್ಪತ್ತು ವರ್ಷದ ಹಿಂದೆ ಹೊಸ್ತಿಲಿಗೆ ಅಡ್ಡ ನಿಂತವಳು ಅವಳೇ. "ಒಡಪು ಹೇಳಲಾರದ ಬಸ್ಸು ಬಿಡೂದಿಲ್ಲ," ಎಂದಳು. ಹೆಂಗಸರೆಲ್ಲ ಹೋ ಎಂದರು. ಅಡುಗೆಮನೆ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ.

ಬಸ್ಸಿನ ಇಂಜಿನು ಗರಗರ ಅನ್ನುತ್ತಿತ್ತು, ಹೆಚ್ಚುಕಡಿಮೆ ನನ್ನ ಮೋಟರಿನದೇ ಸದ್ದು. ಆ ಸದ್ದಿನಲ್ಲಿ ಹೇಳಿಬಿಡುವುದು ನನಗೆ ಏನೂ ಕಷ್ಟವಿರಲಿಲ್ಲ, ನೀರು ಕುಡಿದಷ್ಟು ಸಲೀಸು. ಕಿಟಕಿಯಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಬೇವಿನ ಗಿಡದ ಕೆಳಗೆ ಯಜಮಾನರು ಕಟ್ಟಿದ ಕೈ ಬಿಟ್ಟಿದ್ದರು.

ನಾನು ಡ್ರೈವರ್ ಸಾಹೇಬರ ಕಡೆ ತಿರುಗಿದೆ. "ಅಣ್ಣಾರ, ಒಂದ ಮಿನಿಟ ಇಂಜಿನ್ ಬಂದ್ ಮಾಡ್ರಿ," ಎಂದೆ.

ಅವರು ಬಂದ್ ಮಾಡಿದರು. ಅಗಸಿಯ ಮುಂದೆ ಎಲ್ಲ ಸ್ತಬ್ಧವಾಯಿತು. ತಟ್ಟೆಯಲ್ಲಿ ದೀಪ ಉರಿಯುವುದೂ ಕೇಳುತ್ತದೇನೋ ಅನ್ನುವಷ್ಟು. ಅವ್ವ ಕಲಿಸಿದ ಹದಿನೈದರಲ್ಲಿ ಒಂದನ್ನೂ ಹೇಳಲಿಲ್ಲ, ಅಲ್ಲೇ ಕಟ್ಟಿದೆ.

"ಕಲ್ಲಿನಾಗ ಬೀಸತೇನಿ ಬಿಳಿಜೋಳದ ಹಿಟ್ಟ,
ಮಗಳ ಬಸ್ಸಿಗೆ ನಿಂತೇನಿ ಅಂಜಿಕಿ ಬದಿಗಿಟ್ಟ..."

ಅದರ ಮುಂದೆ ಅವರ ಹೆಸರು ಹೇಳಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಬಾಯಿಂದ ಹೇಳಬೇಕಾದದ್ದು, ಹೇಳಿಯಾಯಿತು. ಅಗಸಿಯ ಕಟ್ಟೆಯ ಮೇಲೆ ಕೂತವರಿಗೂ ಕೇಳಿಸಿತು ಎಂದು ಆಮೇಲೆ ಹೇಳಿದರು. ನಾದಿನಿ ಕೈ ತೆಗೆದಳು, ಬಸ್ಸು ಹೊರಟಿತು.